ಅಡುಗೆ ಅನಿಲ: ಸಂಪರ್ಕದೊಂದಿಗೆ ಸುರಕ್ಷೆಯೂ ಮನೆ ಸೇರಲಿ

ಕರಾವಳಿ ಮತ್ತು ಮಲೆನಾಡಿನ ಹಳ್ಳಿಗಳ ಅಡುಗೆಮನೆಗಳಲ್ಲಿ ಒಂದು ತಲೆಮಾರಿನ ಅವಧಿಯೊಳಗೆ ಆಗಿರುವ ಬದಲಾವಣೆ ಸಾಮಾನ್ಯವಾದುದಲ್ಲ. ಮುಂಜಾವದ ಕತ್ತಲೆಯಲ್ಲೆದ್ದು, ಹಸಿ ಸೌದೆಯ ನಡುವೆ ಒಣ ಮಡಲು ತುರುಕಿ, ಊದುಗೊಳವೆಯಿಂದ ಊದಿ ಕಣ್ಣು ಕೆಂಪಾಗಿಸಿಕೊಳ್ಳುತ್ತಿದ್ದ ತಾಯಂದಿರನ್ನು ನಡುವಯಸ್ಸು ದಾಟಿದ ಓದುಗರೆಲ್ಲ ಬಲ್ಲರು. ಅಂದು ಪೇಟೆಯ ಅನುಕೂಲಸ್ಥರ ಮನೆಗಷ್ಟೇ ಸೀಮಿತವಾಗಿದ್ದ ಅನಿಲದ ಒಲೆ ಇಂದು ಗುಡ್ಡದ ಬದಿಯ ಐದು ಸೆಂಟ್ಸ್ ನಿವೇಶನದ ಮನೆಯಲ್ಲೂ ಉರಿಯುತ್ತಿದೆ. ಇದು ಸಂತೋಷದಿಂದ ಸ್ವಾಗತಿಸಬೇಕಾದ ಸಂಗತಿ. ಅದರಲ್ಲಿ ಎರಡು ಮಾತಿಲ್ಲ.

ಆದರೆ ಸಿಲಿಂಡರಿನ ಜತೆಯಲ್ಲೇ ಮನೆ ಸೇರಬೇಕಾಗಿದ್ದ ತಿಳಿವಳಿಕೆ, ತಪಾಸಣೆ ಮತ್ತು ಹೊಣೆಗಾರಿಕೆಗಳು ನಿಜಕ್ಕೂ ಸೇರಿವೆಯೇ ಎಂಬ ಪ್ರಶ್ನೆಯನ್ನು ನಾವು ಸಾಕಷ್ಟು ಗಂಭೀರವಾಗಿ ಕೇಳಿಕೊಂಡಿಲ್ಲ. ಎಲ್ಲೋ ಒಂದೆಡೆ ಅನಿಲ ಸೋರಿ ಬೆಂಕಿ ಹತ್ತಿಕೊಂಡು ಗೃಹಿಣಿಯೊಬ್ಬರು ಸುಟ್ಟ ಗಾಯಗಳಿಂದ ನರಳಿದ ಸುದ್ದಿ ಪತ್ರಿಕೆಯಲ್ಲಿ ಪ್ರಕಟವಾದಾಗ, ವರದಿಯ ಕೊನೆಯ ಸಾಲಿನಲ್ಲಿ 'ಅಜಾಗರೂಕತೆಯೇ ದುರಂತಕ್ಕೆ ಕಾರಣ' ಎಂದು ಬರೆದಿರುತ್ತದೆ. ಓದಿ ನಿಟ್ಟುಸಿರು ಬಿಟ್ಟು ನಾವು ಪುಟ ಮಗುಚುತ್ತೇವೆ. ಯಾರ ಅಜಾಗರೂಕತೆ? ಕಲಿಸದವರದೋ, ಕಲಿಯದವರದೋ? ಪರೀಕ್ಷಿಸದೆ ಕೊಟ್ಟವರದೋ, ಪರೀಕ್ಷಿಸಲು ಬಾರದೆ ಪಡೆದವರದೋ? ಈ ಲೇಖನದ ಉದ್ದೇಶ ಈ ಪ್ರಶ್ನೆಗಳನ್ನು ಓದುಗ ಬಾಂಧವರ ಮುಂದಿಡುವುದೇ ಆಗಿದೆ.

ಹೊಗೆಯಿಂದ ಬಿಡುಗಡೆ

ಮೊದಲಿಗೆ ಅನಿಲದ ಒಲೆಯ ಉಪಕಾರವನ್ನು ಸ್ಮರಿಸುವುದು ನ್ಯಾಯ. ಸೌದೆ, ಸೆಗಣಿಯ ಬೆರಣಿ, ಇದ್ದಿಲು, ಸೀಮೆಎಣ್ಣೆಗಳ ಹೊಗೆಯಿಂದಾಗಿ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಅಕಾಲ ಮರಣಕ್ಕೆ ತುತ್ತಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ 2 ಲಕ್ಷ 37 ಸಾವಿರಕ್ಕೂ ಹೆಚ್ಚು ಮಂದಿ 5 ವರ್ಷದೊಳಗಿನ ಮಕ್ಕಳು. ತಾಯಿಯ ಸೆರಗು ಹಿಡಿದು ಒಲೆಯ ಬಳಿಯೇ ಕುಳಿತಿರುವ ಕೂಸಿಗೆ ಆ ಹೊಗೆ ಎಂಥ ವಿಷವೆಂಬುದನ್ನು ವೈದ್ಯರು ಬಹುಕಾಲದಿಂದ ಹೇಳುತ್ತಲೇ ಬಂದಿದ್ದಾರೆ. ಆದುದರಿಂದ ಅನಿಲದ ಅಪಾಯವನ್ನು ಕುರಿತು ಬರೆಯುವಾಗ, 'ಹಾಗಿದ್ದರೆ ಹಳೆಯ ಸೌದೆ ಒಲೆಯೇ ಲೇಸು' ಎಂಬ ತೀರ್ಮಾನಕ್ಕೆ ಯಾರೂ ಬರಬಾರದು. ಸೌದೆಯ ಹೊಗೆ ನಿತ್ಯವೂ ಸದ್ದಿಲ್ಲದೆ ಕೊಲ್ಲುತ್ತದೆ; ಅನಿಲ, ನಾವು ಎಚ್ಚರ ತಪ್ಪಿದ ದಿನ ಮಾತ್ರ ಕೊಲ್ಲುತ್ತದೆ. ಎಚ್ಚರವನ್ನು ಕಲಿಯಬಹುದು, ಕಲಿಸಬಹುದು. ಇದೇ ನಮ್ಮ ಭರವಸೆ.

ನಮ್ಮ ದೇಶದಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯು 'ಇಂಡೇನ್' ಎಂಬ ಹೆಸರಿನಲ್ಲಿ ಅಡುಗೆ ಅನಿಲವನ್ನು ಕೋಲ್ಕತ್ತಾದಲ್ಲಿ ಮನೆಗಳಿಗೆ ನೀಡಲಾರಂಭಿಸಿದ್ದು 1965ರಲ್ಲಿ. ಆ ಬಳಿಕ ದಶಕಗಳ ಕಾಲ ಅದು ನಗರದ ಸೊತ್ತಾಗಿಯೇ ಉಳಿಯಿತು. ಸಂಪರ್ಕಕ್ಕೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವುದು ಮಧ್ಯಮ ವರ್ಗದವರ ಸಾಮಾನ್ಯ ಅನುಭವವಾಗಿತ್ತು. ಗ್ರಾಮಾಂತರ ಪ್ರದೇಶಗಳಲ್ಲಿ ಸಣ್ಣ ವಿತರಕರನ್ನು ನೇಮಿಸುವ ರಾಜೀವ್ ಗಾಂಧಿ ಗ್ರಾಮೀಣ ಎಲ್‌ಪಿಜಿ ವಿತರಕ ಯೋಜನೆ 2009ರಲ್ಲಿ ಜಾರಿಗೆ ಬಂತು. 2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಪ್ರಧಾನಮಂತ್ರಿ ಉಜ್ವಲಾ ಯೋಜನೆ ಉದ್ಘಾಟನೆಗೊಂಡಿತು. ಬಡ ಕುಟುಂಬದ ಮಹಿಳೆಯ ಹೆಸರಿನಲ್ಲೇ ಸಂಪರ್ಕ ನೀಡುವ ಈ ಯೋಜನೆ 2019ರ ಸೆಪ್ಟೆಂಬರ್ ವೇಳೆಗೆ 8 ಕೋಟಿ ಮನೆಗಳನ್ನು ಮುಟ್ಟಿತು. ಎರಡನೆಯ ಹಂತ 2021ರ ಆಗಸ್ಟ್‌ನಲ್ಲಿ ಆರಂಭವಾಯಿತು. ಒಟ್ಟು ಸಂಪರ್ಕಗಳು ಈಗ 10 ಕೋಟಿಯನ್ನು ದಾಟಿವೆ. ನಮ್ಮ ರಾಜ್ಯ ಸರ್ಕಾರವೂ 2017-18ರ ಅವಧಿಯಲ್ಲಿ ಅನಿಲ ಭಾಗ್ಯ ಯೋಜನೆಯನ್ನು ರೂಪಿಸಿತು. ಐವತ್ತು ವರ್ಷಗಳಲ್ಲಿ ಆಗದ ಕಾರ್ಯ ಕೆಲವೇ ವರ್ಷಗಳಲ್ಲಿ ಆಯಿತು. ಆದರೆ ನಗರದ ಬಳಕೆದಾರರು ಅರ್ಧ ಶತಮಾನದಲ್ಲಿ ನಿಧಾನವಾಗಿ ಕಲಿತುಕೊಂಡದ್ದನ್ನು ಹಳ್ಳಿಯ ಹೊಸ ಬಳಕೆದಾರರಿಗೆ ಕಲಿಸಲು ನಾವು ಎಷ್ಟು ಗಂಟೆಗಳನ್ನು ವ್ಯಯಿಸಿದ್ದೇವೆ?

ಕವಲು ದಾರಿಯಲ್ಲಿ ಇಳಿದ ಸಿಲಿಂಡರ್

ಗ್ರಾಮೀಣ ವಿತರಣೆಯ ಚಿತ್ರವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳೋಣ. ಬೆಳ್ತಂಗಡಿ, ಸುಳ್ಯ, ಕಾರ್ಕಳ, ಹೊಸನಗರ, ಯಾವ ತಾಲೂಕನ್ನಾದರೂ ತೆಗೆದುಕೊಳ್ಳಿ. ಮನೆಗಳು ಒಂದೊಂದು ತೋಟಕ್ಕೆ ಒಂದರಂತೆ ಚದರಿಕೊಂಡಿವೆ. ಮುಖ್ಯ ರಸ್ತೆಯಿಂದ ಮನೆಯಂಗಳಕ್ಕೆ ಒಂದೋ ಎರಡೋ ಮೈಲಿಗಳ ಮಣ್ಣಿನ ದಾರಿ. ನಡುವೆ ಒಂದು ತೋಡು, ಒಂದು ಕಾಲುಸಂಕ. ಅನಿಲದ ವಾಹನ ನಿಗದಿತ ದಿನದಂದು ಕವಲು ದಾರಿಯ ಅಂಗಡಿಯ ಮುಂದೆ ನಿಲ್ಲುತ್ತದೆ. ಸಿಲಿಂಡರುಗಳನ್ನು ಅಲ್ಲೇ ಇಳಿಸಿ, ಖಾಲಿಯವನ್ನು ಏರಿಸಿಕೊಂಡು, ಹಣ ಎಣಿಸಿಕೊಂಡು ಮುಂದಿನ ಊರಿಗೆ ಹೊರಡುತ್ತದೆ. ಅಲ್ಲಿಂದ ಮನೆಯವರೆಗೆ ಸಿಲಿಂಡರನ್ನು ಒಯ್ಯುವ ಹೊಣೆ ಬಳಕೆದಾರರದು. ಬಾಡಿಗೆ ರಿಕ್ಷಾದ ಹಿಂಬದಿಯಲ್ಲಿ ಅಡ್ಡ ಮಲಗಿಸಿ, ದ್ವಿಚಕ್ರ ವಾಹನದ ಮುಂದೆ ಕಾಲುಗಳ ನಡುವೆ ಇರಿಸಿ, ಕೆಲವೊಮ್ಮೆ ಹೆಗಲ ಮೇಲೆ ಹೊತ್ತು, ಅಂತೂ ಅದು ಮನೆ ಸೇರುತ್ತದೆ.

ಈ ದಾರಿಯುದ್ದಕ್ಕೂ ಆಗದೇ ಉಳಿಯುವ ಕೆಲಸಗಳು ಎರಡು. ಒಂದನೆಯದು ತೂಕ. ಗೃಹಬಳಕೆಯ ಸಾಮಾನ್ಯ ಸಿಲಿಂಡರಿನಲ್ಲಿ 14.2 ಕೆ.ಜಿ. ಅನಿಲವಿರಬೇಕು. ಖಾಲಿ ಸಿಲಿಂಡರಿನ ತೂಕವನ್ನು ಅದರ ಮೈಮೇಲೆಯೇ ನಮೂದಿಸಿರುತ್ತಾರೆ. ಅದು 15.3 ಎಂದಿದ್ದರೆ, ತುಂಬಿದ ಸಿಲಿಂಡರ್ 29.5 ಕೆ.ಜಿ. ತೂಗಬೇಕು. ವಿತರಿಸುವ ಸಿಬ್ಬಂದಿ ತಕ್ಕಡಿ ತಂದಿರಬೇಕು, ಕೇಳಿದವರಿಗೆ ತೂಗಿ ತೋರಿಸಬೇಕು. ಎರಡನೆಯದು ಸೋರಿಕೆಯ ಪರೀಕ್ಷೆ. ಮುದ್ರೆಯನ್ನು ಬಿಡಿಸಿ, ಸುರಕ್ಷಾ ಮುಚ್ಚಳ ತೆಗೆದು, ಕವಾಟವು ಅನಿಲವನ್ನು ಹಿಡಿದಿಡುತ್ತದೆಯೇ, ಅದರೊಳಗಿನ ರಬ್ಬರ್ ಬಳೆ ಸರಿಯಾಗಿದೆಯೇ ಎಂದು ನೋಡಿ ತೋರಿಸಬೇಕು. ಬೆರಳ ಉಂಗುರಕ್ಕಿಂತಲೂ ಕಿರಿದಾದ ಆ ಬಳೆ ಇಲ್ಲದೆಯೋ ಹರಿದೋ ಇದ್ದರೆ ರೆಗ್ಯುಲೇಟರ್ ಜೋಡಿಸಿದೊಡನೆ ಅನಿಲ ಹೊರಚೆಲ್ಲತೊಡಗುತ್ತದೆ. ಪೇಟೆಯ ಮನೆಬಾಗಿಲಲ್ಲಿ ಎರಡು ನಿಮಿಷದಲ್ಲಿ ಮುಗಿಯುವ ಈ ಪರೀಕ್ಷೆ ಕವಲು ದಾರಿಯಲ್ಲಿ ನಡೆಯುವುದಿಲ್ಲ. ದೋಷವಿರುವುದು ಗೊತ್ತಾಗುವುದು ಮನೆಯೊಳಗೆ, ಅದೂ ಪಕ್ಕದಲ್ಲಿ ಉರಿಯುವ ಸೌದೆ ಒಲೆ ಇರುವಾಗ!

ವಿತರಕರ ಕಷ್ಟವನ್ನೂ ನಾವು ಅರಿಯದವರಲ್ಲ. ಮಳೆಗಾಲದಲ್ಲಿ ಕೆಸರು ಹಾದಿಗೆ ವಾಹನ ಇಳಿಯದು. ಒಂದು ಮನೆಗಾಗಿ ಎರಡು ಮೈಲಿ ಹೋಗಿ ಬಂದರೆ ಇಂಧನದ ವೆಚ್ಚವೂ ಹುಟ್ಟದು. 2009ರ ಗ್ರಾಮೀಣ ವಿತರಕ ಯೋಜನೆಯಲ್ಲಂತೂ ಬಳಕೆದಾರರೇ ಗೋದಾಮಿಗೆ ಬಂದು ಒಯ್ಯುವ ಕ್ರಮವನ್ನೇ ಅಂಗೀಕರಿಸಲಾಗಿತ್ತು. ಆದರೆ ವಾಹನ ಮನೆಗೆ ಬಾರದಿರುವುದಕ್ಕೆ ಕಾರಣವಿದ್ದರೂ ತಕ್ಕಡಿ ವಾಹನದಿಂದ ಕೆಳಗಿಳಿಯದಿರುವುದಕ್ಕೆ ಏನು ಕಾರಣ? ಅಂಗಡಿಯ ಮುಂದೆಯೇ ಆಗಲಿ, ತೂಗಿ, ಸೋರಿಕೆ ಪರೀಕ್ಷಿಸಿ ಕೊಡಲು ರಸ್ತೆಯ ಅಡ್ಡಿಯಿಲ್ಲ. ಅಡ್ಡಿಯಿರುವುದು ಮನಸ್ಸಿನಲ್ಲಿ. ಕೇಳುವವರಿಲ್ಲವೆಂಬ ಧೈರ್ಯದಲ್ಲಿ. ಕೇಳುವವರು ನಾವಾಗಬೇಕು.

ಎರಡು ಒಲೆಗಳ ಅಡುಗೆಮನೆ

ಬಳಕೆಯ ಅಪಾಯಗಳಲ್ಲಿ ನಮ್ಮ ಹಳ್ಳಿಗಳಿಗೇ ವಿಶಿಷ್ಟವಾದುದೊಂದಿದೆ. ಅದನ್ನು ಕಂಪೆನಿಗಳ ಕರಪತ್ರಗಳು ಗಮನಿಸಿದಂತೆ ಕಾಣುವುದಿಲ್ಲ. ಕರಪತ್ರದ ಚಿತ್ರದಲ್ಲಿರುವುದು ಕಲ್ಲಿನ ಕಟ್ಟೆ, ಅದರ ಮೇಲೆ ಹೊಳೆಯುವ ಒಲೆ, ಕೆಳಗೆ ಸಿಲಿಂಡರ್, ಹಿಂದೆ ವಿಶಾಲವಾದ ಕಿಟಕಿ. ನಮ್ಮ ಮನೆಗಳಲ್ಲಿ ಅನಿಲದ ಒಲೆ ಬಂದರೂ ಸೌದೆ ಒಲೆ ಹೋಗಿಲ್ಲ. ಕುಚ್ಚಲಕ್ಕಿ ಬೇಯಲು ಬಹಳ ಹೊತ್ತು ಬೇಕು. ಅಷ್ಟು ಹೊತ್ತು ಅನಿಲ ಉರಿಸಲು ಕೈ ಬಾರದು. ಆದುದರಿಂದ ಗಂಜಿಗೆ ಸೌದೆ, ಚಹಾಕ್ಕೂ ಒಗ್ಗರಣೆಗೂ ಅನಿಲ. ಬಚ್ಚಲ ಹಂಡೆಗಂತೂ ತೆಂಗಿನ ಸಿಪ್ಪೆಯೇ ಗತಿ. ಹೀಗೆ ಒಂದೇ ಕೋಣೆಯಲ್ಲಿ, ಒಮ್ಮೊಮ್ಮೆ ಮೂರು ನಾಲ್ಕು ಅಡಿಗಳ ಅಂತರದಲ್ಲಿ, ಎರಡು ಒಲೆಗಳು ಉರಿಯುತ್ತವೆ.

ಇದರ ಮೂಲದಲ್ಲಿರುವುದು ಬಡತನವೇ ಹೊರತು ಅಜ್ಞಾನವಲ್ಲ. ಉಜ್ವಲಾ ಯೋಜನೆಯ ಬಗ್ಗೆ ಮಹಾಲೇಖಪಾಲರು 2019ರಲ್ಲಿ ಮಂಡಿಸಿದ ವರದಿಯ ಪ್ರಕಾರ, 2018ರ ಡಿಸೆಂಬರ್ ಅಂತ್ಯಕ್ಕೆ ಲೆಕ್ಕ ಹಾಕಿದಾಗ ಫಲಾನುಭವಿಗಳು ವರ್ಷಕ್ಕೆ ಸರಾಸರಿ 3.21 ಸಿಲಿಂಡರುಗಳನ್ನಷ್ಟೇ ತುಂಬಿಸಿಕೊಂಡಿದ್ದರು. ವರ್ಷವಿಡೀ ಅನಿಲದಲ್ಲೇ ಅಡುಗೆ ಮಾಡುವ ಸಂಸಾರಕ್ಕೆ ಇದು ಏನೇನೂ ಸಾಲದು. ಬಳಿಕ ಸರ್ಕಾರ ಉಜ್ವಲಾ ಫಲಾನುಭವಿಗಳಿಗೆ 2022ರ ಮೇ ತಿಂಗಳಲ್ಲಿ ಸಿಲಿಂಡರೊಂದಕ್ಕೆ 200 ರೂಪಾಯಿಗಳ ಸಹಾಯಧನ ಪ್ರಕಟಿಸಿ, 2023ರ ಅಕ್ಟೋಬರಿನಲ್ಲಿ ಅದನ್ನು 300 ರೂಪಾಯಿಗಳಿಗೆ ಏರಿಸಿತು. ಬಳಕೆ ಸ್ವಲ್ಪ ಸುಧಾರಿಸಿದರೂ ಎರಡು ಒಲೆಗಳ ಸಂಸಾರ ಮುಂದುವರಿದೇ ಇದೆ.

ಬೆಲೆಯ ಪ್ರಶ್ನೆಗೂ ಸುರಕ್ಷೆಯ ಪ್ರಶ್ನೆಗೂ ಇರುವ ನಂಟು ಇಲ್ಲಿ ಸ್ಪಷ್ಟವಾಗುತ್ತದೆ. ತಿಂಗಳುಗಟ್ಟಲೆ ಮೂಲೆಯಲ್ಲಿ ಸುಮ್ಮನೆ ಕುಳಿತ ಸಿಲಿಂಡರಿನ ರಬ್ಬರ್ ಕೊಳವೆಯನ್ನು ಇಲಿ ಕಡಿದರೆ ತಿಳಿಯುವುದಿಲ್ಲ. ಅನಿಲವು ಸೋರಿದರೂ ಸೌದೆ ಹೊಗೆಯ ವಾಸನೆಯಲ್ಲಿ ಅದರ ದುರ್ವಾಸನೆ ಮುಚ್ಚಿಹೋಗುತ್ತದೆ. ಸ್ವಭಾವತಃ ವಾಸನೆಯಿಲ್ಲದ ಈ ಅನಿಲಕ್ಕೆ ಈಥೈಲ್ ಮರ್ಕಾಪ್ಟಾನ್ ಎಂಬ ನಾರುವ ರಾಸಾಯನಿಕವನ್ನು ಬೆರೆಸಿರುವುದೇ ಸೋರಿಕೆಯನ್ನು ಮೂಗು ಗುರುತಿಸಲೆಂದು. ಶೀತವಾದವರು, ವಯೋವೃದ್ಧರು, ಹೊಗೆ ತುಂಬಿದ ಕೋಣೆಯಲ್ಲಿರುವವರು ಆ ಎಚ್ಚರಿಕೆಯನ್ನು ಕಳೆದುಕೊಳ್ಳುತ್ತಾರೆ. ಅಷ್ಟರಲ್ಲಿ ಸೌದೆ ಒಲೆಯ ಕೆಂಡ ಕಾದು ಕುಳಿತಿರುತ್ತದೆ.

ಅನಿಲದ ಸ್ವಭಾವವನ್ನು ಬಲ್ಲವರಾಗೋಣ

ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣವಾದ ಈ ಇಂಧನ ಸಿಲಿಂಡರಿನೊಳಗೆ ಒತ್ತಡದಲ್ಲಿ ದ್ರವರೂಪದಲ್ಲಿರುತ್ತದೆ. ಹೊರಬಂದಾಗ ಸುಮಾರು 250 ಪಟ್ಟು ಹಿಗ್ಗಿ ಅನಿಲವಾಗುತ್ತದೆ. ಅದು ಗಾಳಿಗಿಂತ ಭಾರ. ಹೊಗೆಯಂತೆ ಮೇಲೇರಿ ಹೆಂಚಿನ ಸಂದಿಯಿಂದ ಹೊರಹೋಗುವುದಿಲ್ಲ, ನೀರಿನಂತೆ ನೆಲದ ಮೇಲೆ ಹರಡಿ ತಗ್ಗಿನಲ್ಲಿ ತಂಗುತ್ತದೆ. ಹೊಗೆಗೆಂದು ಎತ್ತರದಲ್ಲಿಟ್ಟ ಗವಾಕ್ಷಿಯಿಂದ ಅನಿಲಕ್ಕೆ ಪ್ರಯೋಜನವಿಲ್ಲ. ಎತ್ತರದ ಹೊಸ್ತಿಲಿರುವ ಹಳೆಯ ಮನೆಗಳ ಅಡುಗೆಕೋಣೆ ಅದಕ್ಕೆ ಬಾವಿಯಂತೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಬೆರೆತರೂ ಒಂದು ಕಿಡಿ ಸಾಕು.

ಈ ಗುಣದ ಭೀಕರತೆಯನ್ನು ನಮ್ಮ ಕರಾವಳಿ ಕಣ್ಣಾರೆ ಕಂಡಿದೆ. 2012ರ ಆಗಸ್ಟ್ 27ರ ರಾತ್ರಿ ನೆರೆಯ ಕಣ್ಣೂರಿನ ಚಾಲದಲ್ಲಿ, 2013ರ ಏಪ್ರಿಲ್ 9ರಂದು ನಮ್ಮದೇ ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ ಅನಿಲದ ಟ್ಯಾಂಕರುಗಳು ಮಗುಚಿ ಬಿದ್ದವು. ಹರಡಿದ ಅನಿಲಕ್ಕೆ ಬೆಂಕಿ ತಗಲಿ ರಸ್ತೆಬದಿಯ ಮನೆಗಳನ್ನೇ ಅಗ್ನಿ ಆವರಿಸಿತು. ತಮ್ಮ ಮನೆಯಲ್ಲಿದ್ದವರೇ ಅನೇಕರು ಪ್ರಾಣ ತೆತ್ತರು. ಟ್ಯಾಂಕರಿನಲ್ಲಿ ದೊಡ್ಡದಾಗಿ ಆಗುವುದು ಅಡುಗೆಮನೆಯಲ್ಲಿ ಸಣ್ಣದಾಗಿ ಆಗಬಹುದು. ಅನಿಲದ ಸ್ವಭಾವ ಎರಡೂ ಕಡೆ ಒಂದೇ.

ಈ ಸ್ವಭಾವವನ್ನು ಬಲ್ಲವರಿಗೆ ಪಾಲಿಸಬೇಕಾದ ನಿಯಮಗಳು ತಾವಾಗಿಯೇ ಹೊಳೆಯುತ್ತವೆ. ಸಿಲಿಂಡರ್ ಸದಾ ನೆಟ್ಟಗೆ ನಿಂತಿರಬೇಕು. ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ಅನಿಲ ಮುಗಿಯುತ್ತ ಬಂದಾಗ ಸಿಲಿಂಡರನ್ನು ಅಡ್ಡ ಮಲಗಿಸುವುದು, ಬಿಸಿನೀರಿನಲ್ಲಿಡುವುದು ನಮ್ಮಲ್ಲಿ ತೀರಾ ಸಾಮಾನ್ಯವಾದ ದುರಭ್ಯಾಸ. ಮಲಗಿಸಿದಾಗ ಅನಿಲದ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗಿ ಒಲೆಯಲ್ಲಿ ಜ್ವಾಲೆ ಭುಗಿಲೆನ್ನಬಹುದು. ಹತ್ತು ರೂಪಾಯಿಯ ಅನಿಲ ಉಳಿಸಲು ಹೋಗಿ ಮನೆಯನ್ನೇ ಪಣಕ್ಕೊಡ್ಡುವುದು ಜಾಣತನವಲ್ಲ.

ಸಂತೆಯಲ್ಲಿ ಮೊಳದ ಲೆಕ್ಕದಲ್ಲಿ ಮಾರುವ ತೆಳ್ಳನೆಯ ಹಸಿರು ಕೊಳವೆಯನ್ನು ಅನಿಲಕ್ಕೆ ಬಳಸಬಾರದು. ಒಳಗೆ ತಂತಿಯ ಹೆಣಿಗೆಯಿರುವ ಕಿತ್ತಳೆ ಬಣ್ಣದ 'ಸುರಕ್ಷಾ' ಕೊಳವೆಗೆ ಐಎಸ್ಐ ಮುದ್ರೆಯಿರುತ್ತದೆ. ಅದನ್ನೂ 5 ವರ್ಷಗಳಿಗೊಮ್ಮೆ ಬದಲಾಯಿಸಬೇಕು. ಉದ್ದ ಒಂದೂವರೆ ಮೀಟರನ್ನು ಮೀರಬಾರದು. ಅಂದಕ್ಕೆಂದು ಅದಕ್ಕೆ ಬಟ್ಟೆಯ ಚೀಲ ಹೊಲಿದು ತೊಡಿಸಿದರೆ ಬಿರುಕು ಕಾಣದು. ಸೋರಿಕೆಯ ಶಂಕೆ ಬಂದರೆ ಸಾಬೂನು ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಬೇಕು. ಕಡ್ಡಿ ಗೀರಿ ನೋಡುವುದು ಸಾವನ್ನು ಕರೆದಂತೆ. ರಾತ್ರಿ ಮಲಗುವ ಮುನ್ನ ಒಲೆಯ ತಿರುಪನ್ನಷ್ಟೇ ಅಲ್ಲ, ರೆಗ್ಯುಲೇಟರನ್ನೂ ಮುಚ್ಚಬೇಕು.

ಸಿಲಿಂಡರಿಗೂ ಪರೀಕ್ಷೆಯ ಗಡುವಿದೆ. ಹಿಡಿಯ ಬಳೆಯನ್ನು ಹೊತ್ತ ಮೂರು ಪಟ್ಟಿಗಳಲ್ಲಿ ಒಂದರ ಒಳಬದಿಯಲ್ಲಿ ಎ, ಬಿ, ಸಿ, ಡಿ ಎಂಬ ಇಂಗ್ಲಿಷ್ ಅಕ್ಷರಗಳಲ್ಲೊಂದನ್ನೂ ಎರಡು ಅಂಕಿಗಳನ್ನೂ ಬರೆದಿರುತ್ತಾರೆ. ಎ ಎಂದರೆ ಮಾರ್ಚ್, ಬಿ ಎಂದರೆ ಜೂನ್, ಸಿ ಎಂದರೆ ಸೆಪ್ಟೆಂಬರ್, ಡಿ ಎಂದರೆ ಡಿಸೆಂಬರ್. ಅಂಕಿಗಳು ವರ್ಷವನ್ನು ಸೂಚಿಸುತ್ತವೆ. ಬಿ-28 ಎಂದಿದ್ದರೆ 2028ರ ಜೂನ್ ಅಂತ್ಯದೊಳಗೆ ಆ ಸಿಲಿಂಡರ್ ಮತ್ತೆ ಪರೀಕ್ಷೆಗೊಳಗಾಗಬೇಕೆಂದು ಅರ್ಥ. ಗಡುವು ಮೀರಿದ್ದನ್ನು ಸ್ವೀಕರಿಸದಿರುವ ಹಕ್ಕು ನಮಗಿದೆ. ಶಾಲೆಗೆ ಹೋಗುವ ಮಗುವಿಗೂ ಇದನ್ನು ಓದಲು ಕಲಿಸಬಹುದು.

ವಾಸನೆ ಬಂದಾಗ

ಅನಿಲದ ವಾಸನೆ ಬಂದರೆ ಮೊದಲು ಬೇಕಾದುದು ಗಾಬರಿಯಾಗದಿರುವುದು. ಸೌದೆ ಒಲೆ, ದೇವರ ದೀಪ, ಊದುಬತ್ತಿ ಎಲ್ಲವನ್ನೂ ನಂದಿಸಬೇಕು. ವಿದ್ಯುತ್ತಿನ ಗುಂಡಿಯನ್ನು ಒತ್ತಬಾರದು. ಉರಿಯುತ್ತಿರುವ ದೀಪವನ್ನು ಆರಿಸುವುದೂ ಕೂಡದು, ಆರಿದ್ದನ್ನು ಹೊತ್ತಿಸುವುದೂ ಕೂಡದು, ಏಕೆಂದರೆ ಎರಡರಿಂದಲೂ ಕಿಡಿ ಹಾರುತ್ತದೆ. ಪಂಖ ಹಾಕಬಾರದು. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿಗಳನ್ನು ಅಗಲವಾಗಿ ತೆರೆದು, ಮಕ್ಕಳನ್ನೂ ವೃದ್ಧರನ್ನೂ ಅಂಗಳಕ್ಕೆ ಕಳುಹಿಸಬೇಕು. ಸೋರುತ್ತಿರುವುದು ಸಿಲಿಂಡರಿನ ಬಾಯಿಯೇ ಆಗಿದ್ದರೆ ದಾರದಿಂದ ಕಟ್ಟಿರುವ ಸುರಕ್ಷಾ ಮುಚ್ಚಳವನ್ನು ಬಿಗಿಯಾಗಿ ಹಾಕಿ ಹೊರಗೆ ಬಯಲಿನಲ್ಲಿಡಬೇಕು. ಆ ಮುಚ್ಚಳವನ್ನು ಕತ್ತರಿಸಿ ಎಸೆಯುವವರು ತಮ್ಮ ಕೊನೆಯ ರಕ್ಷಣೆಯನ್ನೇ ಎಸೆದಂತೆ. ಬಳಿಕ ಹೊರಗೆ ನಿಂತು 1906 ಸಂಖ್ಯೆಗೆ ಕರೆ ಮಾಡಬೇಕು. ಅನಿಲ ಸೋರಿಕೆಯ ದೂರಿಗೆಂದೇ ದಿನದ 24 ಗಂಟೆಯೂ ಇರುವ ಸಂಖ್ಯೆಯಿದು. ಇದನ್ನು ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದಲಾದರೂ ಬರೆದಿಡಿ.

ಮಳೆಗಾಲದ ಬಗ್ಗೆ ಒಂದು ಮಾತು. ಆಷಾಢದ ಗಾಳಿಮಳೆಗೆ ನಾವು ಬಾಗಿಲು ಕಿಟಕಿಗಳನ್ನೆಲ್ಲ ಭದ್ರಪಡಿಸಿಕೊಂಡು ಕುಳಿತಿರುತ್ತೇವೆ. ವಿದ್ಯುತ್ತು ಹೋಗುತ್ತದೆ. ಕತ್ತಲೆಯಲ್ಲಿ ಮೊದಲು ಕೈ ಹೋಗುವುದು ಬೆಂಕಿಪೆಟ್ಟಿಗೆಯ ಕಡೆಗೆ. ಮುಚ್ಚಿದ ಅಡುಗೆಮನೆಯನ್ನು ಪ್ರವೇಶಿಸುವ ಮುನ್ನ ಬಾಗಿಲಲ್ಲಿ ನಿಂತು ಒಮ್ಮೆ ಮೂಗಿನಿಂದ ಪರೀಕ್ಷಿಸುವ ಅಭ್ಯಾಸವನ್ನು ಮನೆಮಂದಿಯೆಲ್ಲ ಬೆಳೆಸಿಕೊಳ್ಳಬೇಕು. ಸುಟ್ಟ ಗಾಯಕ್ಕೆ ತುಪ್ಪ, ಶಾಯಿ, ಹಲ್ಲಿನ ಪೇಸ್ಟು ಹಚ್ಚುವ ಪದ್ಧತಿಯನ್ನೂ ಬಿಡಬೇಕು. ಸುಮಾರು 20 ನಿಮಿಷಗಳ ಕಾಲ ತಣ್ಣೀರು ಹರಿಸಿ, ಶುಭ್ರವಾದ ಬಟ್ಟೆ ಮುಚ್ಚಿ, ಆಸ್ಪತ್ರೆಗೆ ಒಯ್ಯುವುದೇ ಸರಿಯಾದ ಪ್ರಥಮ ಚಿಕಿತ್ಸೆ.

ಅರಿಯದ ಹಕ್ಕು

ಹಳ್ಳಿಗರಲ್ಲಿ ಬಹುಮಂದಿಗೆ ತಿಳಿಯದ ಸಂಗತಿಯೊಂದಿದೆ. ಅಡುಗೆ ಅನಿಲದ ಅಪಘಾತಕ್ಕೆ ತೈಲ ಕಂಪೆನಿಗಳು ವಿಮೆ ಮಾಡಿಸಿರುತ್ತವೆ. ಬಳಕೆದಾರರು ಅದಕ್ಕಾಗಿ ಪ್ರತ್ಯೇಕ ಕಂತು ಕಟ್ಟಬೇಕಾಗಿಲ್ಲ. ಸರ್ಕಾರ ಸಂಸತ್ತಿಗೆ ತಿಳಿಸಿರುವಂತೆ, ಮರಣ ಸಂಭವಿಸಿದರೆ ಒಬ್ಬರಿಗೆ 6 ಲಕ್ಷ ರೂಪಾಯಿ, ಚಿಕಿತ್ಸೆಗೆ ಒಬ್ಬರಿಗೆ ಗರಿಷ್ಠ 2 ಲಕ್ಷ ರೂಪಾಯಿ, ನೋಂದಾಯಿತ ವಿಳಾಸದಲ್ಲಿ ಆಸ್ತಿಗೆ ಹಾನಿಯಾದರೆ ಘಟನೆಯೊಂದಕ್ಕೆ ಗರಿಷ್ಠ 2 ಲಕ್ಷ ರೂಪಾಯಿ ದೊರೆಯಲು ಅವಕಾಶವಿದೆ. ಅಪಘಾತವಾದ ಕೂಡಲೇ ವಿತರಕರಿಗೆ ಲಿಖಿತವಾಗಿ ತಿಳಿಸಬೇಕು. ಪೊಲೀಸ್ ಮತ್ತು ಆಸ್ಪತ್ರೆಯ ದಾಖಲೆಗಳನ್ನು ಜೋಪಾನವಾಗಿಡಬೇಕು. ದುಃಖದ ಮನೆಯಲ್ಲಿ ಈ ಕಾಗದಪತ್ರಗಳ ಚಿಂತೆ ಯಾರಿಗೂ ಬಾರದು. ಅಂಥ ಸಮಯದಲ್ಲಿ ನೆರೆಮನೆಯ ಓದುಬರಹ ಬಲ್ಲವರು ಮುಂದೆ ಬಂದರೆ ಅದೇ ನಿಜವಾದ ಸಾಂತ್ವನ.

ಏನು ಮಾಡಬಹುದು?

ಟೀಕೆಯಲ್ಲೇ ನಿಂತರೆ ಬರಹಕ್ಕೆ ಅರ್ಥವಿಲ್ಲ. ಊರ ಮಟ್ಟದಲ್ಲಿ ಸಾಧ್ಯವಾಗುವ ಕೆಲವು ಕ್ರಮಗಳನ್ನು ಇಲ್ಲಿ ಸೂಚಿಸಬಯಸುತ್ತೇನೆ.

ಮೊದಲನೆಯದು, ವಾಹನ ನಿಲ್ಲುವ ತಾಣವನ್ನು ಹಾಲು ಉತ್ಪಾದಕರ ಸಹಕಾರಿ ಸಂಘದ ಅಥವಾ ವ್ಯವಸಾಯ ಸೇವಾ ಸಹಕಾರಿ ಸಂಘದ ಅಂಗಳಕ್ಕೆ ಬದಲಾಯಿಸುವುದು. ನಮ್ಮ ಜಿಲ್ಲೆಗಳಲ್ಲಿ ಇಂಥ ಸಂಘಗಳಿಲ್ಲದ ಗ್ರಾಮ ವಿರಳ. ಸೇವಾ ಸಂಘದಲ್ಲಿ ತಕ್ಕಡಿಯಿದೆ, ಲೆಕ್ಕ ಬಲ್ಲ ಕಾರ್ಯದರ್ಶಿಯಿದ್ದಾರೆ, ನಾಲ್ಕು ಜನರ ಕಣ್ಣಿದೆ. ನಿಗದಿತ ದಿನ, ನಿಗದಿತ ವೇಳೆಗೆ ವಾಹನ ಬರಲಿ. ಪ್ರತಿಯೊಂದು ಸಿಲಿಂಡರನ್ನೂ ತೂಗಿ, ಸೋರಿಕೆ ಪರೀಕ್ಷಿಸಿ ಕೊಡಲಿ. ದೂರವಾಣಿಗೆ ಬರುವ ಸಂಕೇತ ಸಂಖ್ಯೆಯನ್ನು ಬಳಕೆದಾರರು ಈ ಪರೀಕ್ಷೆಯ ನಂತರವೇ ತಿಳಿಸಲಿ. ಆದರೆ ಅಲ್ಲಿ ದಾಸ್ತಾನು ಮಾಡಲು ಹೋಗಬಾರದು. ಪರವಾನಗಿಯಿಲ್ಲದೆ 100 ಕೆ.ಜಿ.ಗಿಂತ ಹೆಚ್ಚು ಅನಿಲವನ್ನು ಒಂದೆಡೆ ಇರಿಸುವುದು ಕಾನೂನಿಗೆ ವಿರುದ್ಧ. ಎಂಟನೆಯ ಸಿಲಿಂಡರಿಗೇ ಆ ಮಿತಿ ದಾಟುತ್ತದೆ. ಈಗ ಕೆಲವು ಅಂಗಡಿಗಳ ಹಿಂಬದಿಯಲ್ಲಿ ರಾಶಿ ಬಿದ್ದಿರುವ ಸಿಲಿಂಡರುಗಳನ್ನು ಕಂಡರೆ ಎದೆ ಝಲ್ಲೆನ್ನುತ್ತದೆ.

ಎರಡನೆಯದು, ಗ್ರಾಮಕ್ಕೊಬ್ಬ ತರಬೇತಿ ಪಡೆದ ಅನಿಲ ಸಹಾಯಕಿ. ಸ್ವಸಹಾಯ ಸಂಘಗಳ ಸದಸ್ಯೆಯರಲ್ಲಿ ಆಸಕ್ತರಾದ ಒಬ್ಬಿಬ್ಬರಿಗೆ ವಿತರಕರೇ ತರಬೇತಿ ನೀಡಲಿ. ರಬ್ಬರ್ ಬಳೆ ಬದಲಾಯಿಸುವುದು, ಕೊಳವೆಯನ್ನು ಪರೀಕ್ಷಿಸುವುದು, ಬರ್ನರ್ ಶುಚಿಗೊಳಿಸುವುದು ಕಷ್ಟದ ವಿದ್ಯೆಯಲ್ಲ. ಪುರುಷ ಮೆಕ್ಯಾನಿಕ್ ತಿಂಗಳುಗಟ್ಟಲೆ ಬಾರದ ಮನೆಗೆ ಆಕೆ ಸಂಜೆಯೇ ಹೋಗಬಲ್ಲಳು. ಗೃಹಿಣಿ ಸಂಕೋಚವಿಲ್ಲದೆ ಪ್ರಶ್ನೆ ಕೇಳಬಲ್ಲಳು. ಕಲಿಕೆ ಮನೆಮಾತಿನಲ್ಲೇ ನಡೆಯುತ್ತದೆ. ತುಳುವಿರಲಿ, ಕೊಂಕಣಿಯಿರಲಿ, ಬ್ಯಾರಿಯಿರಲಿ.

ಮೂರನೆಯದು, ಗ್ರಾಮಸಭೆಯಲ್ಲಿ ವರ್ಷಕ್ಕೊಮ್ಮೆಯಾದರೂ ಇದು ಚರ್ಚೆಗೆ ಬರಬೇಕು. ಅನುಭವ ಹಂಚಿಕೊಳ್ಳಲು, ಸುರಕ್ಷಿತ ಬಳಕೆ ಕಲಿಸಲು ಎಲ್‌ಪಿಜಿ ಪಂಚಾಯತ್ ಎಂಬ ಸಭೆಗಳನ್ನು 2017ರಲ್ಲಿ ಸರ್ಕಾರವೇ ಆರಂಭಿಸಿತು. ಉದ್ದೇಶ ಉತ್ತಮವಾದುದು. ಆದರೆ ಭಾಷಣ, ಛಾಯಾಚಿತ್ರ, ಚಹಾದೊಂದಿಗೆ ಸಭೆ ಮುಗಿದರೆ ಫಲವಿಲ್ಲ. ಪ್ರತಿ ಮಹಿಳೆಯೂ ತನ್ನ ಕೈಯಿಂದಲೇ ರೆಗ್ಯುಲೇಟರ್ ಜೋಡಿಸಿ, ಬಿಡಿಸಿ, ಮುಚ್ಚಳ ಹಾಕಿ ನೋಡಿದರೆ ಮಾತ್ರ ಅದು ಕಲಿಕೆ.

ನಾಲ್ಕನೆಯದು, ನಮ್ಮ ಸಮುದಾಯಕ್ಕೇ ಸಂಬಂಧಿಸಿದುದು. ಚರ್ಚಿನ ವಾರ್ಷಿಕ ಹಬ್ಬದ ಕ್ಯಾಂಟೀನ್, ಮದುವೆಯ ರೋಸ್, ವಾರ್ಡಿನ ಸಹಭೋಜನ, ಇಲ್ಲೆಲ್ಲ ತಗಡಿನ ಚಪ್ಪರದಡಿ ನಾಲ್ಕಾರು ಸಿಲಿಂಡರುಗಳನ್ನು ಒತ್ತೊತ್ತಾಗಿ ಇರಿಸಿ ದೊಡ್ಡ ಒಲೆಗಳನ್ನು ಉರಿಸುತ್ತೇವೆ. ಅವು ಬಹಳ ಸಲ ನೆರೆಹೊರೆಯ ಮನೆಗಳಿಂದ ತಂದ ಗೃಹಬಳಕೆಯ ಸಿಲಿಂಡರುಗಳೇ. ವಾಣಿಜ್ಯ ಉಪಯೋಗಕ್ಕೆ 19 ಕೆ.ಜಿ.ಯ ಪ್ರತ್ಯೇಕ ಸಿಲಿಂಡರ್ ಇದೆ. ಗೃಹಬಳಕೆಯದನ್ನು ಬೇರೆ ಉದ್ದೇಶಕ್ಕೆ ಬಳಸುವುದನ್ನು 2000ದ ಇಸವಿಯ ಅನಿಲ ಪೂರೈಕೆ ಮತ್ತು ವಿತರಣೆ ನಿಯಂತ್ರಣ ಆದೇಶ ನಿಷೇಧಿಸಿದೆ. ಬೆಲೆ ಹೆಚ್ಚೆಂಬುದು ನಿಜ. ಆದರೆ ನೂರಾರು ಮಕ್ಕಳು ಓಡಾಡುವ ಹಬ್ಬದ ಅಂಗಳದಲ್ಲಿ ಉಳಿತಾಯದ ಲೆಕ್ಕ ಹಾಕುವುದು ಸಲ್ಲದು. ಹಬ್ಬದ ಸಮಿತಿಯಲ್ಲಿ ಬ್ಯಾಂಡು, ದೀಪಾಲಂಕಾರಗಳಿಗೆ ಒಬ್ಬೊಬ್ಬ ಹೊಣೆಗಾರರಿರುವಂತೆ ಬೆಂಕಿಯ ಸುರಕ್ಷೆಗೂ ಒಬ್ಬರಿರಲಿ. ವಾರ್ಡಿನ ಗುರಿಕಾರರು ತಮ್ಮ ಮನೆ ಭೇಟಿಯ ಸಂದರ್ಭದಲ್ಲಿ ಅಡುಗೆಮನೆಯ ಕೊಳವೆಯ ಮೇಲಿನ ವರ್ಷವನ್ನೊಮ್ಮೆ ಓದಿದರೆ ಅದೂ ಸೇವೆಯೇ. ಬಡ ಕುಟುಂಬಗಳಿಗೆ ಅಕ್ಕಿ, ಔಷಧ ನೀಡುವ ಸಂತ ವಿನ್ಸೆಂಟ್ ದ ಪಾವ್ಲ್ ಸಭೆಯಂಥ ಸಂಘಟನೆಗಳು ಹಳತಾದ ಕೊಳವೆಯನ್ನು ಬದಲಾಯಿಸಿಕೊಡುವುದನ್ನೂ ತಮ್ಮ ಕಾರ್ಯಪಟ್ಟಿಯಲ್ಲಿ ಸೇರಿಸಬಹುದು. ಅದಕ್ಕೆ ತಗಲುವ ವೆಚ್ಚ ಒಂದು ಹಾರ ಶಾಲಿನ ಸನ್ಮಾನಕ್ಕಿಂತ ಹೆಚ್ಚಾಗದು. ಇದರಲ್ಲಿ ಜಾತಿ ಮತಗಳ ಎಣಿಕೆ ಬೇಡ. ಬೆಂಕಿ ಆ ಎಣಿಕೆಯನ್ನು ಮಾಡುವುದಿಲ್ಲ.

ಹೊಣೆ ಎಲ್ಲರದು

ತೈಲ ಕಂಪೆನಿಗಳು ಸಂಪರ್ಕಗಳ ಸಂಖ್ಯೆಯನ್ನು ಸಾಧನೆಯೆಂದು ಸಾರುತ್ತವೆ. ಸಾರಲಿ. ಆದರೆ ಎಷ್ಟು ಮನೆಗಳ ಕೊಳವೆಗಳನ್ನು ಕಾಲಕ್ಕೆ ಸರಿಯಾಗಿ ಬದಲಾಯಿಸಲಾಗಿದೆ, ಎಷ್ಟು ಮನೆಗಳಿಗೆ ತಪಾಸಣೆಗೆಂದು ಸಿಬ್ಬಂದಿ ನಿಜವಾಗಿ ಕಾಲಿಟ್ಟಿದ್ದಾರೆ ಎಂಬ ಲೆಕ್ಕವನ್ನೂ ಗ್ರಾಮ ಪಂಚಾಯತಿಯ ಫಲಕದಲ್ಲಿ ಪ್ರಕಟಿಸಲಿ. ಸಂಪರ್ಕ ನೀಡುವ ಮುನ್ನ ಮತ್ತು ನಂತರ ನಡೆಯಬೇಕಾದ ತಪಾಸಣೆಗಳಲ್ಲಿನ ಕೊರತೆಗಳನ್ನು ಮಹಾಲೇಖಪಾಲರ ವರದಿಯೇ ಎತ್ತಿ ತೋರಿಸಿತ್ತು. ಸರ್ಕಾರ ಸಂಪರ್ಕ ಕೊಟ್ಟಲ್ಲಿಗೆ ತನ್ನ ಕರ್ತವ್ಯ ಮುಗಿಯಿತೆಂದು ತಿಳಿಯಬಾರದು. ಬಡವಳೊಬ್ಬಳು ಎರಡನೆಯ ಒಲೆಯನ್ನು ನಂದಿಸಲು ಶಕ್ತಳಾಗುವ ಬೆಲೆಯಲ್ಲಿ ಅನಿಲ ದೊರೆತಾಗಲೇ ಯೋಜನೆ ಪೂರ್ಣವಾದಂತೆ.

ಮನೆಯ ಗಂಡಸರಿಗೂ ಒಂದು ಮಾತು ಹೇಳಲೇಬೇಕು. ಸಿಲಿಂಡರನ್ನು ಪೇಟೆಯಿಂದ ತರುವವರು, ಸಂತೆಯಿಂದ ಅಗ್ಗದ ಕೊಳವೆ ಕೊಂಡು ತರುವವರು, ರೆಗ್ಯುಲೇಟರನ್ನು ಬಲಪ್ರಯೋಗದಿಂದ ತಿರುಗಿಸುವವರು ಬಹುತೇಕ ನಾವೇ. ಸುಟ್ಟುಕೊಳ್ಳುವವರು ಮಾತ್ರ ಒಲೆಯ ಮುಂದೆ ನಿಂತವರು. ಅಡುಗೆಮನೆಯ ಸುರಕ್ಷೆಯನ್ನು ಹೆಂಗಸರ ವಿಷಯವೆಂದು ತಳ್ಳಿಹಾಕುವುದು ಹೇಡಿತನ.

ಈ ವಾರದಲ್ಲಿ ಒಂದು ಸಂಜೆ, ಊಟಕ್ಕೆ ಮುನ್ನ, ಓದುಗ ಬಾಂಧವರೆಲ್ಲ ತಮ್ಮ ಮನೆಯ ಸಿಲಿಂಡರಿನ ಬಳಿ ದೀಪ ಹಿಡಿಯದೆ, ಹಗಲ ಬೆಳಕು ಇರುವಾಗಲೇ ಒಮ್ಮೆ ಬಾಗಿ ಕುಳಿತು ನೋಡಲಿ: ಕೊಳವೆಯ ಮೇಲೆ ಯಾವ ವರ್ಷ ಅಚ್ಚಾಗಿದೆ, ಸಿಲಿಂಡರಿನ ಪಟ್ಟಿಯಲ್ಲಿ ಯಾವ ಅಕ್ಷರವಿದೆ, ಸುರಕ್ಷಾ ಮುಚ್ಚಳ ಎಲ್ಲಿದೆ. ನಂತರ ಅದೇ ಮಾತನ್ನು, ಈ ಪತ್ರಿಕೆಯನ್ನು ಓದಲಾರದ ನೆರೆಮನೆಯ ತಾಯಿಯೊಬ್ಬರಿಗೆ ಹೋಗಿ ತಿಳಿಸಲಿ.